ಫುಟ್‌ಬಾಲ್ ಆಟಗಾರ ನ್ಯಾಯಮೂರ್ತಿ ಆದದ್ದು ಹೇಗೆ? ಅಲನ್ ಪೇಜ್ ಅವರ ಬದುಕು

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ. ಮೊಮ್ಮಗ ಓದುವ ಶಾಲೆಯ ಹೆಸರು ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್. ಯಾರೋ ಹಳೇ ಕಾಲದ ದೊಡ್ಡ ಜಡ್ಜ್ ಇರಬೇಕು ಅಂದುಕೊಂಡಿದ್ದೆ. ಅವರು ಹೆಸರಾಂತ ಅಮೆರಿಕನ್ ಫುಟ್‌ಬಾಲ್ ಆಟಗಾರರು ಎಂದು ಅಳಿಯ ಹೇಳಿದಾಗ ನಂಬಲಿಕ್ಕಾಗಲಿಲ್ಲ. ಅಷ್ಟು ಒರಟು ಆಟ ಆಡಿದವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದದ್ದು ಹೇಗೆ? ಆಟ ಬಿಟ್ಟ ಮೇಲೆ ಓದಿದರೇ? ಹೆಸರಿದೆ ಎಂದು ಸರ್ಕಾರ ಕೊಟ್ಟ ಹುದ್ದೆಯೇ? ಶಾಲೆಗೆ ಮೊದಲು ಬೇರೆ ಹೆಸರಿತ್ತಂತೆ, ಬದಲಿಸಿದ್ದು ಏಕೆ? ಇಲ್ಲಿ ನನ್ನ ಇನ್ನೊಬ್ಬ ಮೊಮ್ಮಗ ಕಬಡ್ಡಿಯಲ್ಲಿ ಮುಂದಿದ್ದಾನೆ. ಆಟ ಇಲ್ಲವೇ ಓದು, ಎರಡರಲ್ಲಿ ಒಂದನ್ನು ಇಟ್ಟುಕೋ ಎಂದು ಅವನ ಅಪ್ಪ ಪಟ್ಟು ಹಿಡಿದಿದ್ದಾನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ತಿಳಿಸಿ.

ಉತ್ತರ: ನಮಸ್ಕಾರ. ಅಲನ್ ಪೇಜ್ ಬಗ್ಗೆ ಹೆಚ್ಚಿನವರು ಕೇಳುವುದು ನೀವು ಕೇಳಿದ್ದನ್ನೇ. ಅವರ ಬದುಕನ್ನು ವರ್ಷವಾರು ಜೋಡಿಸಿ ನೋಡಿದರೆ ಮಾತ್ರ ಬೇರೆಯೇ ಒಂದು ಚಿತ್ರ ಸಿಗುತ್ತದೆ. ವಕೀಲನಾಗಬೇಕು ಎಂದು ಚಿಕ್ಕಂದಿನಲ್ಲೇ ಮನಸ್ಸು ಮಾಡಿದ್ದ ಹುಡುಗ, ನಡುವೆ ಹದಿನೈದು ವರ್ಷ ಫುಟ್‌ಬಾಲ್ ಆಡಿದ. ಆ ಆಟದಲ್ಲಿ ದೇಶಕ್ಕೇ ಮೊದಲಿಗನಾದ. ಆದರೂ ಮೊದಲಿನ ಗುರಿಯನ್ನು ಬಿಡಲಿಲ್ಲ, ಬಿಡದೇ ಇದ್ದದ್ದಕ್ಕೆ ಬೆಲೆಯನ್ನೂ ತೆತ್ತ. ಕ್ರೀಡೆ ಮತ್ತು ಕಾನೂನು ಎರಡನ್ನೂ ವರ್ಷಗಳಿಂದ ಓದುತ್ತ ಬರೆಯುತ್ತ ಬಂದ ನನಗೆ ಇಷ್ಟು ಗಟ್ಟಿಯಾದ ಇನ್ನೊಂದು ಉದಾಹರಣೆ ಕಂಡಿಲ್ಲ.

ಅವರು ಹುಟ್ಟಿದ್ದು 1945ರ ಆಗಸ್ಟ್ 7ರಂದು, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಅಮೆರಿಕನ್ ಫುಟ್‌ಬಾಲಿಗೆ ಕ್ಯಾಂಟನ್ ತವರೂರು ಇದ್ದಂತೆ. ಇಂದು ಎನ್‌ಎಫ್‌ಎಲ್ ಎಂದು ಕರೆಯುವ ವೃತ್ತಿಪರ ಲೀಗ್ 1920ರಲ್ಲಿ ಹುಟ್ಟಿದ್ದು ಅದೇ ಊರಿನ ಒಂದು ಕಾರ್ ಶೋರೂಮಿನಲ್ಲಿ ಕೂತು ನಡೆಸಿದ ಸಭೆಯಲ್ಲಿ. ಊರಿನ ಇನ್ನೊಂದು ಗುರುತು ಉಕ್ಕಿನ ಕಾರ್ಖಾನೆಗಳು. ಅಲ್ಲಿನ ಕಪ್ಪು ಜನರ ಮಕ್ಕಳಿಗೆ ದುಡಿಮೆ ಎಂದರೆ ಕಣ್ಣೆದುರಿಗೆ ಇದ್ದದ್ದು ಆ ಕಾರ್ಖಾನೆ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಿಳಿಯರನ್ನೂ ಕಪ್ಪು ಮಕ್ಕಳನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಾಗ ಪೇಜ್‌ಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಕೋರ್ಟು ಎಂಬ ಒಂದು ಜಾಗದಲ್ಲಿ ಕೂತು ಇಷ್ಟನ್ನು ಬದಲಿಸಬಹುದು ಎಂಬುದು ಆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. ಟಿ.ವಿ.ಯಲ್ಲಿ ಬರುತ್ತಿದ್ದ ವಕೀಲರ ಧಾರಾವಾಹಿಯೂ ಆ ಆಸೆಗೆ ನೀರೆರೆಯಿತು. ಹದಿಮೂರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ಓದು ಬಿಡಬಾರದು ಎಂಬುದು ಮನೆಯಲ್ಲಿ ಮೊದಲಿನಿಂದಲೂ ಇದ್ದ ಮಾತು.

ಹೈಸ್ಕೂಲಿನಲ್ಲಿ ಫುಟ್‌ಬಾಲ್ ಹಿಡಿಯಿತು. 1963ರಲ್ಲಿ ಕ್ಯಾಂಟನ್‌ನಲ್ಲಿ ಆಟದ ಹಿರಿಯರ ನೆನಪಿಗೆಂದು ಹಾಲ್ ಆಫ್ ಫೇಮ್ ಕಟ್ಟಡ ಏಳುತ್ತಿದ್ದಾಗ ಅಲ್ಲಿ ಕಟ್ಟಡದ ಕೂಲಿ ಕೆಲಸ ಮಾಡಿದ ಹುಡುಗರಲ್ಲಿ ಇವರೂ ಒಬ್ಬರು. ಸರಿಯಾಗಿ 25 ವರ್ಷಕ್ಕೆ, 1988ರಲ್ಲಿ, ಅದೇ ಕಟ್ಟಡದೊಳಗೆ ಅವರ ಕಂಚಿನ ತಲೆಯ ಪ್ರತಿಮೆ ಬಂದು ಕೂತಿತು. ಆ ಸಂದರ್ಭಕ್ಕೆ ಮುಂದೆ ಬರುತ್ತೇನೆ, ಯಾಕೆಂದರೆ ಅವತ್ತು ಅವರು ಮಾಡಿದ್ದು ಆಟಗಾರರು ಸಾಮಾನ್ಯವಾಗಿ ಮಾಡುವ ಕೆಲಸವಾಗಿರಲಿಲ್ಲ.

ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿದರು. 1966ರಲ್ಲಿ ಅವರ ಕಾಲೇಜು ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. 1967ರಲ್ಲಿ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದ ತಂಡವಾದ ಮಿನ್ನೆಸೋಟ ವೈಕಿಂಗ್ಸ್ ಮೊದಲ ಸುತ್ತಿನಲ್ಲೇ, ಒಟ್ಟಾರೆ 15ನೆಯವರಾಗಿ ಅವರನ್ನು ಆರಿಸಿಕೊಂಡಿತು.

ಅವರ ಆಟ ಏಕೆ ವಿಶೇಷ ಎಂಬುದು ತಿಳಿಯಬೇಕಾದರೆ ಆಟದ ಒಂದು ಸಂಗತಿ ಗೊತ್ತಿರಬೇಕು. ನಾವು ಇಲ್ಲಿ ಫುಟ್‌ಬಾಲ್ ಎನ್ನುವುದನ್ನು ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಎರಡೂ ಕಡೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಚೆಂಡನ್ನು ಹಿಡಿದು ಯಾರಿಗೆ ಎಸೆಯಬೇಕು ಎಂದು ತೀರ್ಮಾನಿಸುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಭಾರಿ ಆಳುಗಳನ್ನು ಭೇದಿಸಿ, ಅವನು ಎಸೆಯುವ ಮೊದಲೇ ಅವನನ್ನು ಕೆಡವುವುದು ಡಿಫೆನ್ಸಿವ್ ಟ್ಯಾಕಲ್‌ನ ಕೆಲಸ. ಹಾಗೆ ಕೆಡವಿದರೆ ಅದಕ್ಕೆ ಸ್ಯಾಕ್ ಎನ್ನುತ್ತಾರೆ. ಪೇಜ್ ನಿಂತದ್ದು ಈ ಜಾಗದಲ್ಲಿ.

ಅಲ್ಲಿಗೆ ಹೆಚ್ಚಾಗಿ ಆರಿಸುವುದು ತೂಕದವರನ್ನು. ಪೇಜ್ ಆರು ಅಡಿ ನಾಲ್ಕು ಅಂಗುಲ ಎತ್ತರ ಇದ್ದರೂ ಆ ಜಾಗಕ್ಕೆ ತೂಕದಲ್ಲಿ ಕಡಿಮೆಯವರೇ. ಅವರ ಬಲ ಇದ್ದದ್ದು ಮೊದಲ ಹೆಜ್ಜೆಯಲ್ಲಿ. ನಿಮ್ಮ ಮೊಮ್ಮಗನಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಕಬಡ್ಡಿಯಲ್ಲಿ ರೇಡರ್ ಕಾಲು ಎತ್ತುವ ಮೊದಲೇ ಅವನು ಯಾವ ಕಡೆ ಹೊರಡುತ್ತಾನೆಂದು ಕಾರ್ನರ್‌ನಲ್ಲಿ ನಿಂತವನಿಗೆ ಗೊತ್ತಾದರೆ ಹೇಗಿರುತ್ತದೋ ಹಾಗೆ. ಚೆಂಡು ಅಲುಗಿದ ಕ್ಷಣಕ್ಕೆ ಪೇಜ್ ಆಗಲೇ ಗೋಡೆಯ ಸಂದಿಯಲ್ಲಿ ಅರ್ಧ ದಾಟಿರುತ್ತಿದ್ದರು. ಎದುರಿನವನು ಕೈ ಚಾಚುವಷ್ಟರಲ್ಲಿ ಹಿಡಿಯಲಿಕ್ಕೆ ಭುಜವೇ ಸಿಗುತ್ತಿರಲಿಲ್ಲ.

ಅವರ ಜೊತೆ ಜಿಮ್ ಮಾರ್ಷಲ್, ಕಾರ್ಲ್ ಎಲ್ಲರ್, ಗ್ಯಾರಿ ಲಾರ್ಸನ್ ಸೇರಿ ನಾಲ್ವರು ಮುಂದಿನ ಸಾಲಿನಲ್ಲಿ ನಿಂತರೆ ಎದುರಾಳಿಗೆ ಚೆಂಡು ಮುಂದೆ ಸರಿಸುವುದೇ ಕಷ್ಟ. ತಂಡದ ನೇರಳೆ ಬಣ್ಣದ ಅಂಗಿ ನೋಡಿ ಈ ನಾಲ್ವರಿಗೆ ಪರ್ಪಲ್ ಪೀಪಲ್ ಈಟರ್ಸ್ (ನೇರಳೆ ನರಭಕ್ಷಕರು) ಎಂಬ ಅಡ್ಡಹೆಸರು ಬಿತ್ತು. 1969ರ ಋತುವಿನ 14 ಪಂದ್ಯಗಳಲ್ಲಿ ವೈಕಿಂಗ್ಸ್ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ, ಪಂದ್ಯಕ್ಕೆ ಹತ್ತಕ್ಕೂ ಕಡಿಮೆ. 1971ರಲ್ಲಿ ಪೇಜ್ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದರು. ರಕ್ಷಣಾ ವಿಭಾಗದವರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಸಿಕ್ಕಿತು, ಅಷ್ಟೇ. ಉಳಿದ ವರ್ಷಗಳಲ್ಲೆಲ್ಲ ಅದು ಹೋಗಿರುವುದು ಹೆಚ್ಚಾಗಿ ಕ್ವಾರ್ಟರ್‌ಬ್ಯಾಕ್‌ಗಳ ಮನೆಗೆ.

ಸೋಲೂ ಇದೆ. ವೈಕಿಂಗ್ಸ್ ನಾಲ್ಕು ಸಲ ಸೂಪರ್ ಬೌಲ್ ಫೈನಲ್ ತಲುಪಿತು. 1970, 1974, 1975, 1977ರ ಜನವರಿಗಳಲ್ಲಿ ಕಾನ್ಸಾಸ್ ಸಿಟಿ, ಮಯಾಮಿ, ಪಿಟ್ಸ್‌ಬರ್ಗ್, ಓಕ್ಲಂಡ್ ತಂಡಗಳ ಎದುರು ನಾಲ್ಕೂ ಸಲ ಸೋತಿತು. ಪೇಜ್ ನಾಲ್ಕರಲ್ಲೂ ಆಡಿದವರು.

ಇನ್ನು ಓದಿನ ವಿಷಯ. ಆಟ ಬಿಟ್ಟ ಮೇಲೆ ಓದಿದರೇ ಎಂದು ಕೇಳಿದ್ದೀರಿ. ಇಲ್ಲ, ಆಡುತ್ತಲೇ ಓದಿದರು. ವೃತ್ತಿ ಶುರುವಾದ ಹೊಸತರಲ್ಲೇ ಮಿನಿಯಾಪೊಲಿಸ್ ಪಕ್ಕದ ಸೇಂಟ್ ಪಾಲ್ ನಗರದ ಒಂದು ಕಾನೂನು ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು. ಅಲ್ಲಿಗೆ ಕೈಚೆಲ್ಲಬಹುದಿತ್ತು. ದುಡ್ಡು, ಹೆಸರು ಎರಡೂ ಇದ್ದವು. ಎಂಟು ವರ್ಷ ಕಳೆದು 1975ರಲ್ಲಿ, ಅತ್ಯಮೂಲ್ಯ ಆಟಗಾರನ ಪ್ರಶಸ್ತಿ ಮನೆಯಲ್ಲಿರುವಾಗ, ಮಿನ್ನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಸೇರಿದರು. 1978ರಲ್ಲಿ ಪದವಿ ಪಡೆದರು. ಮಧ್ಯೆ ವೈಕಿಂಗ್ಸ್ ಒಂದು ಸೂಪರ್ ಬೌಲ್ ಆಡಿತು; ಮೂರೂ ವರ್ಷ ಅವರು ತಂಡದ ಮುಂದಿನ ಸಾಲಿನಲ್ಲೇ ನಿಂತಿದ್ದರು.

ಎರಡನೇ ಸಲ ಓದು ಹತ್ತಿದ್ದಕ್ಕೆ ನನಗೆ ಕಾಣುವ ಒಂದು ಕಾರಣವಿದೆ. ಪೇಜ್ ಆಟಗಾರರ ಸಂಘದಲ್ಲಿ ವೈಕಿಂಗ್ಸ್ ತಂಡದ ಪ್ರತಿನಿಧಿಯಾಗಿದ್ದರು, 1972ರಿಂದ ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಆ ಕಾಲದಲ್ಲಿ ಆಟಗಾರನ ಕರಾರು ಮುಗಿದರೂ ಅವನು ಸ್ವತಂತ್ರನಲ್ಲ. ಬೇರೆ ತಂಡಕ್ಕೆ ಹೋದರೆ ಹೊಸ ತಂಡ ಹಳೇ ತಂಡಕ್ಕೆ ಪರಿಹಾರ ಕೊಡಬೇಕು, ಎಷ್ಟು ಎಂಬುದನ್ನು ಲೀಗಿನ ಕಮಿಷನರ್ ಪೀಟ್ ರೊಝೆಲ್ ನಿರ್ಧರಿಸುತ್ತಿದ್ದರು. ಎಷ್ಟು ಕೊಡಬೇಕಾದೀತೋ ಎಂಬ ಭಯಕ್ಕೆ ಯಾರೂ ಯಾರನ್ನೂ ಕರೆದುಕೊಳ್ಳುತ್ತಿರಲಿಲ್ಲ. 1974ರ ಬೇಸಿಗೆಯಲ್ಲಿ ಸ್ವಾತಂತ್ರ್ಯ ಇಲ್ಲದಿದ್ದರೆ ಆಟವೂ ಇಲ್ಲ ಎಂಬ ಘೋಷಣೆಯೊಂದಿಗೆ ಆಟಗಾರರು ಮುಷ್ಕರ ಹೂಡಿದರು. ಮುಷ್ಕರ ಫಲ ಕೊಡಲಿಲ್ಲ. ಫಲ ಕೊಟ್ಟದ್ದು ಕೋರ್ಟು. ಜಾನ್ ಮ್ಯಾಕಿ ಮತ್ತಿತರ ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ ಮಿನಿಯಾಪೊಲಿಸ್‌ನ ಫೆಡರಲ್ ನ್ಯಾಯಾಧೀಶ ಅರ್ಲ್ ಲಾರ್ಸನ್ 1975ರಲ್ಲಿ ಆ ನಿಯಮ ಏಕಸ್ವಾಮ್ಯ ವಿರೋಧಿ ಕಾಯ್ದೆಗೆ ವಿರುದ್ಧ ಎಂದು ತೀರ್ಪು ಕೊಟ್ಟರು. ಮರುವರ್ಷ ಮೇಲ್ಮನವಿ ಕೋರ್ಟೂ ನಿಯಮ ಕಾನೂನುಬಾಹಿರ ಎಂದೇ ಹೇಳಿತು. ಬೀದಿಯಲ್ಲಿ ಫಲಕ ಹಿಡಿದು ಆಗದ್ದು ಕಾನೂನಿನ ಒಂದು ಸಾಲಿನಿಂದ ಆಯಿತು. ಪೇಜ್ ಕಾನೂನು ತರಗತಿಗೆ ಕಾಲಿಟ್ಟದ್ದು ಅದೇ ಊರಿನಲ್ಲಿ, ಅದೇ ವರ್ಷ.

ಬೆಲೆ ತೆತ್ತರು ಎಂದೆನಲ್ಲ, ಅದು ಇಲ್ಲಿ ಬರುತ್ತದೆ. ಪತ್ನಿ ಡಯಾನ್ ಸಿಗರೇಟು ಬಿಡಲೆಂದು ಓಡಲು ಶುರು ಮಾಡಿದ್ದರು, ಪೇಜ್ ಜೊತೆಗೂಡಿದರು. ಓಟ ಹಿಡಿದ ಮೇಲೆ ತೂಕ ಇಳಿಯಿತು, ನೂರು ಕಿಲೋ ಆಸುಪಾಸಿಗೆ ಬಂತು. ತಂಡದವರಿಗೆ ಇದು ಹಿಡಿಸಲಿಲ್ಲ. ಕೋಚ್ ಬಡ್ ಗ್ರಾಂಟ್ ಅವರ ಲೆಕ್ಕದಲ್ಲಿ ಆ ತೂಕದಲ್ಲಿ ಆ ಜಾಗ ಕಾಯಲು ಸಾಧ್ಯವಿರಲಿಲ್ಲ. 1978ರ ಅಕ್ಟೋಬರಿನಲ್ಲಿ, ಋತುವಿನ ನಟ್ಟನಡುವೆ, ಹನ್ನೆರಡನೇ ವರ್ಷ ಆಡುತ್ತಿದ್ದ ಪೇಜ್‌ರನ್ನು ವೈಕಿಂಗ್ಸ್ ಕೈಬಿಟ್ಟಿತು. ಶಿಕಾಗೊ ಬೇರ್ಸ್ ಅವರನ್ನು ತೆಗೆದುಕೊಳ್ಳಲು ಕಟ್ಟಿದ ಶುಲ್ಕ 100 ಡಾಲರ್.

ತೂಕವೊಂದೇ ಕಾರಣ ಎಂದು ನಾನು ಒಪ್ಪುವುದಿಲ್ಲ. ಸಂಘದ ಕೆಲಸ, ಕಾನೂನು ಓದು, ಅಭ್ಯಾಸದ ವಿಷಯದಲ್ಲೂ ಸ್ವಂತ ಅಭಿಪ್ರಾಯ, ಇವೆಲ್ಲ ಇದ್ದ ಆಟಗಾರನನ್ನು ಸಹಿಸುವುದು ಆ ಕಾಲದ ಯಾವ ತಂಡಕ್ಕೂ ಸುಲಭವಿರಲಿಲ್ಲ. ತೂಕದ ವಾದಕ್ಕೆ ಉತ್ತರ ಶಿಕಾಗೊದಲ್ಲಿ ಸಿಕ್ಕಿತು. ಅಲ್ಲಿ ಮುಖ್ಯ ಕೋಚ್ ಆಗಿದ್ದ ನೀಲ್ ಆರ್ಮ್‌ಸ್ಟ್ರಾಂಗ್ (ಚಂದ್ರನ ಮೇಲೆ ಕಾಲಿಟ್ಟವರಲ್ಲ, ಅದೇ ಹೆಸರಿನ ಇನ್ನೊಬ್ಬರು) ಹಿಂದೆ ವೈಕಿಂಗ್ಸ್ ರಕ್ಷಣಾ ವಿಭಾಗಕ್ಕೆ ತರಬೇತಿ ಕೊಟ್ಟಿದ್ದವರು, ಪೇಜ್ ಎಂದರೆ ಏನೆಂದು ಬಲ್ಲವರು. ಶಿಕಾಗೊ ಪರ ಆಡಿದ 58 ಪಂದ್ಯಗಳಲ್ಲಿ ಪೇಜ್ ಲೆಕ್ಕಕ್ಕೆ 40 ಸ್ಯಾಕ್ ಬಂದವು. ತೂಕ ಇಳಿದ ಮೇಲೂ ಆ ಮೊದಲ ಹೆಜ್ಜೆ ನಿಧಾನವಾಗಿರಲಿಲ್ಲ. 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು. ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ಮ್ಯಾರಥಾನ್ ಓಡಿದ ಮೊದಲಿಗರು ಅವರೇ. 1981ರಲ್ಲಿ ಆಟ ನಿಲ್ಲಿಸಿದಾಗ ಹದಿನೈದು ವರ್ಷದಲ್ಲಿ ಒಂದೂ ಪಂದ್ಯ ತಪ್ಪಿಸದೆ 218 ಪಂದ್ಯ ಆಡಿದ್ದರು. ಸ್ಯಾಕ್‌ಗಳನ್ನು ಲೀಗ್ ಅಧಿಕೃತವಾಗಿ ಎಣಿಸಲು ಶುರುಮಾಡಿದ್ದೇ 1982ರಲ್ಲಿ, ಹಾಗಾಗಿ ಅವರ 148½ ಸ್ಯಾಕ್‌ಗಳು ಅಧಿಕೃತ ದಾಖಲೆಯ ಪಟ್ಟಿಯಲ್ಲಿ ಸಿಗುವುದಿಲ್ಲ.

ಆಗ ಅವರು ಬರೀ ಆಟಗಾರರಲ್ಲ, 1979ರಿಂದಲೇ ಮಿನಿಯಾಪೊಲಿಸ್‌ನ ಒಂದು ದೊಡ್ಡ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ವಕೀಲ. 1985ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸೇರಿ ಸರ್ಕಾರಿ ವಕೀಲರಾದರು. ಅಲ್ಲಿಂದ ನ್ಯಾಯಪೀಠದವರೆಗೆ ಏಳೆಂಟು ವರ್ಷ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಇದು ಸರ್ಕಾರ ಕೊಟ್ಟ ಹುದ್ದೆಯೇ? ಮೊದಲು ಒಂದು ಮಾತು ಸ್ಪಷ್ಟವಾಗಲಿ. ಪೇಜ್ ಇದ್ದದ್ದು ವಾಷಿಂಗ್ಟನ್‌ನ ಅಮೆರಿಕ ಸುಪ್ರೀಂ ಕೋರ್ಟಿನಲ್ಲಲ್ಲ, ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಅಂತಿಮ ನ್ಯಾಯಾಲಯ ಇರುತ್ತದೆ. (ವಾಷಿಂಗ್ಟನ್ ಕೋರ್ಟಿನಲ್ಲೂ ಒಬ್ಬ ಮಾಜಿ ಎನ್‌ಎಫ್‌ಎಲ್ ಆಟಗಾರರಿದ್ದರು, ಬೈರನ್ ವೈಟ್. 1962ರಿಂದ ಕೂತಿದ್ದ ಅವರು ನಿವೃತ್ತರಾದದ್ದು 1993ರಲ್ಲಿ, ಪೇಜ್ ಪ್ರಮಾಣ ವಚನ ತೆಗೆದುಕೊಂಡ ವರ್ಷ.) ಮಿನ್ನೆಸೋಟ ಸಂವಿಧಾನದ ಪ್ರಕಾರ ಈ ಕೋರ್ಟಿನ ಏಳು ನ್ಯಾಯಮೂರ್ತಿಗಳನ್ನು ಜನರೇ ಮತ ಹಾಕಿ ಆರಿಸಬೇಕು, ಅವಧಿ ಆರು ವರ್ಷ, ಪಕ್ಷದ ಚಿಹ್ನೆ ಇಲ್ಲ. ನಮ್ಮ ಕೊಲಿಜಿಯಂ ಪದ್ಧತಿಗೆ ಒಗ್ಗಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಬರೆದಿರುವುದು ಹಾಗೆ, ನಡೆಯುತ್ತಿದ್ದುದು ಬೇರೆ. ನ್ಯಾಯಮೂರ್ತಿಗಳು ಅವಧಿ ಮುಗಿಯುವ ಮೊದಲೇ ಹುದ್ದೆ ಬಿಡುತ್ತಿದ್ದರು, ಖಾಲಿ ಜಾಗಕ್ಕೆ ಗವರ್ನರ್ (ಅಲ್ಲಿ ಅವರು ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಸರ್ಕಾರದ ಮುಖ್ಯಸ್ಥರು) ತಮಗೆ ಸರಿಕಂಡವರನ್ನು ನೇಮಿಸುತ್ತಿದ್ದರು. ನೇಮಕವಾದವರು ಮುಂದಿನ ಚುನಾವಣೆಗೆ ನಿಂತಾಗ ಮತಪತ್ರದಲ್ಲಿ ಅವರ ಹೆಸರಿನ ಪಕ್ಕ ಹಾಲಿ ಎಂದು ಅಚ್ಚಾಗಿರುತ್ತಿತ್ತು. ಹಾಗಿದ್ದಾಗ ಅವರನ್ನು ಸೋಲಿಸುವವರು ಯಾರು? ಜನ ಆರಿಸುವ ಕೋರ್ಟು ಎಂಬುದು ಕಾಗದದ ಮೇಲೆ ಉಳಿದು, ಬಾಗಿಲ ಕೀಲಿ ಗವರ್ನರ್ ಕೈಯಲ್ಲೇ ಇತ್ತು. ಅಲ್ಲಿಯವರೆಗೆ ಆ ಪೀಠದಲ್ಲಿ ಒಬ್ಬರೂ ಕಪ್ಪು ನ್ಯಾಯಮೂರ್ತಿ ಇರಲಿಲ್ಲ.

1992ರಲ್ಲಿ ನ್ಯಾಯಮೂರ್ತಿ ಲಾರೆನ್ಸ್ ಯೆಟ್ಕಾ ಅವರ ಸ್ಥಾನಕ್ಕೆ ಚುನಾವಣೆ ನಡೆಯಬೇಕಿತ್ತು. ಗವರ್ನರ್ ಆರ್ನಿ ಕಾರ್ಲ್‌ಸನ್, ಯೆಟ್ಕಾ ಅವರ ಅವಧಿಯನ್ನು ವಿಸ್ತರಿಸಿದರು. ಅವಧಿ ವಿಸ್ತರಿಸಿದರೆ ಆ ವರ್ಷ ಚುನಾವಣೆ ಇಲ್ಲ. ಸ್ಪರ್ಧಿಸಲು ಸಿದ್ಧರಾಗಿದ್ದ ಪೇಜ್ ಸುಮ್ಮನೆ ಕೂರಲಿಲ್ಲ, ಚುನಾವಣೆ ನಡೆಸಬೇಕೆಂದು ಮೊಕದ್ದಮೆ ಹೂಡಿದರು. ಸ್ವಲ್ಪ ಯೋಚಿಸಿ ನೋಡಿ. ಆಗ ಅವರು ಸರ್ಕಾರಿ ವಕೀಲ. ಎದುರಿಗಿರುವುದು ರಾಜ್ಯದ ಗವರ್ನರ್. ಕೇಸು ಹೋಗುವುದು ಯಾವ ಕೋರ್ಟಿಗೆ ಸೇರಬೇಕೆಂದಿದ್ದಾರೋ ಅದೇ ಕೋರ್ಟಿಗೆ, ತೀರ್ಪು ಕೊಡಬೇಕಾದವರು ಯೆಟ್ಕಾ ಅವರ ಪಕ್ಕದ ಕುರ್ಚಿಗಳಲ್ಲಿ ಕೂರುವವರು. ನ್ಯಾಯಮೂರ್ತಿಗಳು ಹಿಂದೆ ಸರಿದರು, ಅವರ ಜಾಗಕ್ಕೆ ಬೇರೆ ನ್ಯಾಯಾಧೀಶರನ್ನು ಕೂರಿಸಿ ವಿಚಾರಣೆ ನಡೆಯಿತು. ಪೇಜ್ ವಿರುದ್ಧ ಕಾರ್ಲ್‌ಸನ್ ಎಂದು ದಾಖಲಾಗಿರುವ ಆ ಪ್ರಕರಣದಲ್ಲಿ ಪೇಜ್ ಗೆದ್ದರು. ಚುನಾವಣೆ ನಡೆಯಿತು, ನವೆಂಬರಿನಲ್ಲಿ ಅದನ್ನೂ ಗೆದ್ದರು. 1993ರ ಜನವರಿಯಲ್ಲಿ ಮಿನ್ನೆಸೋಟ ಸುಪ್ರೀಂ ಕೋರ್ಟಿನ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು.

ಸರ್ಕಾರ ಕೊಟ್ಟ ಹುದ್ದೆಯೇ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇಡ. ಆಟದಿಂದ ಬಂದ ಹೆಸರು ಮತ ತಂದಿರಲಾರದೇ ಎಂದು ನೀವು ಕೇಳಬಹುದು. ಖಂಡಿತ ತಂದಿರುತ್ತದೆ. 88ನೇ ನಂಬರಿನ ಅಂಗಿಯನ್ನು ಆ ರಾಜ್ಯ ಮರೆತಿರಲಿಲ್ಲ. ಆದರೆ ಆಟದ ನೆನಪು ಒಂದು ಸಲಕ್ಕೆ ಸಾಕು. 1998, 2004, 2010ರಲ್ಲಿ ಮತ್ತೆ ಮತ್ತೆ ಗೆಲ್ಲಲು ಪೀಠದಲ್ಲಿ ಕೂತು ಬರೆದದ್ದೇ ಲೆಕ್ಕಕ್ಕೆ ಬರುವುದು.

ಅವರ ಹೊತ್ತಿನ ಒಂದು ಪ್ರಕರಣ ಹೇಳಬೇಕು. 2008ರ ನವೆಂಬರಿನಲ್ಲಿ ಮಿನ್ನೆಸೋಟದಿಂದ ಅಮೆರಿಕದ ಸೆನೆಟ್‌ಗೆ ನಡೆದ ಚುನಾವಣೆಯಲ್ಲಿ ನಾರ್ಮ್ ಕೋಲ್‌ಮನ್ ಮತ್ತು ಆಲ್ ಫ್ರಾಂಕನ್ ನಡುವೆ ಕೂದಲೆಳೆಯ ಅಂತರ. ಮರುಎಣಿಕೆ, ಮೊಕದ್ದಮೆ ಎಂದು ತಿಂಗಳುಗಟ್ಟಲೆ ಆ ಕುರ್ಚಿ ಖಾಲಿ ಬಿದ್ದಿತು, ಇಡೀ ದೇಶದ ಕಣ್ಣು ಆ ಕೋರ್ಟಿನ ಮೇಲೆ. ಮುಖ್ಯ ನ್ಯಾಯಮೂರ್ತಿಯೂ ಇನ್ನೊಬ್ಬರೂ ವಿಚಾರಣೆಯಿಂದ ಹಿಂದೆ ಸರಿದಿದ್ದರಿಂದ ಉಳಿದ ಐವರಲ್ಲಿ ಹಿರಿಯರಾದ ಪೇಜ್ ಅಧ್ಯಕ್ಷ ಪೀಠದಲ್ಲಿ ಕೂತರು. 2009ರ ಜೂನ್ 30ರಂದು ಐವರೂ ಒಮ್ಮತದಿಂದ ತೀರ್ಪು ಕೊಟ್ಟರು: 312 ಮತಗಳಿಂದ ಗೆದ್ದಿರುವುದು ಫ್ರಾಂಕನ್. ಅವತ್ತೇ ಕೋಲ್‌ಮನ್ ಸೋಲೊಪ್ಪಿಕೊಂಡರು.

ನಮ್ಮಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟಿನವರಿಗೆ 65 ನಿವೃತ್ತಿ ವಯಸ್ಸು. ಮಿನ್ನೆಸೋಟದಲ್ಲಿ 70. ಎಪ್ಪತ್ತು ತುಂಬಿದ 2015ರ ಆಗಸ್ಟಿನಲ್ಲಿ, ಇಪ್ಪತ್ತೆರಡು ವರ್ಷದ ಮೇಲೆ, ಪೇಜ್ ಪೀಠದಿಂದ ಇಳಿದರು.

ಹಾಲ್ ಆಫ್ ಫೇಮ್ ಸಂದರ್ಭಕ್ಕೆ ಬರುತ್ತೇನೆ. ಅಲ್ಲಿ ಸೇರ್ಪಡೆಯಾಗುವ ಪ್ರತಿ ಆಟಗಾರನನ್ನೂ ವೇದಿಕೆಯಲ್ಲಿ ಪರಿಚಯಿಸಲು ಒಬ್ಬರನ್ನು ಅವನೇ ಆರಿಸಿಕೊಳ್ಳುತ್ತಾನೆ. ಸಾಮಾನ್ಯವಾಗಿ ಕೋಚ್, ಜೊತೆಯಾಟಗಾರ, ಮನೆಯವರು. 1988ರಲ್ಲಿ ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ನಾರ್ತ್ ಹೈಸ್ಕೂಲಿನ ಪ್ರಾಂಶುಪಾಲರಾದ ವಿಲ್ಲರೀನ್ ಬೀಸ್ಲಿ ಎಂಬುವರನ್ನು. ಭಾಷಣದಲ್ಲೂ ಆಟಕ್ಕಿಂತ ಹೆಚ್ಚಾಗಿ ಮಾತಾಡಿದ್ದು ಶಾಲೆಯ ಬಗ್ಗೆ. ವೈಕಿಂಗ್ಸ್‌ನಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಅವರು ಹೇಳುವುದುಂಟು. ಒಂದು ದಿನ ರಕ್ಷಣಾ ಸಾಲಿನವರ ಸಭೆಯಲ್ಲಿ ಕೋಚ್ ಆಟದ ತಂತ್ರಗಳ ಪುಸ್ತಕವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿ ಎಂದರು. ಸರದಿ ಬಂದಂತೆ ತಿಳಿಯಿತು, ಕೆಲವರಿಗೆ ಓದಲಿಕ್ಕೇ ಬರುವುದಿಲ್ಲ. ಎಲ್ಲರೂ ಕಾಲೇಜು ದಾಟಿ ಬಂದವರೇ! ಆಟ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಶಾಲೆಯಿಂದ ಶಾಲೆಗೆ, ತರಗತಿಯಿಂದ ತರಗತಿಗೆ ದಾಟಿಸಿಬಿಟ್ಟಿದ್ದರು. ಇದು ಕಾಲೇಜಿನಲ್ಲಿ ಆದ ತಪ್ಪಲ್ಲ, ಒಂದನೇ ಎರಡನೇ ತರಗತಿಯಲ್ಲೇ ಆಗಿಹೋಗಿದೆ ಎಂಬುದು ಪೇಜ್‌ಗೆ ಹೊಳೆದದ್ದು ಆಗ.

ಹಾಲ್ ಆಫ್ ಫೇಮ್ ಸೇರಿದ ವರ್ಷವೇ ಅವರೂ ಡಯಾನ್ ಅವರೂ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಮಿನ್ನೆಸೋಟದ ಕಪ್ಪು, ಮೂಲನಿವಾಸಿ ಮತ್ತಿತರ ಬಿಳಿಯೇತರ ಸಮುದಾಯದ ವಿದ್ಯಾರ್ಥಿಗಳಿಗೆ ಕಾಲೇಜು ಓದಿಗೆ ವಿದ್ಯಾರ್ಥಿವೇತನ ಕೊಡುವ ಸಂಸ್ಥೆ. ಅದಕ್ಕೆ ಒಂದು ಷರತ್ತಿದೆ, ನನಗೆ ಅತ್ಯಂತ ಹಿಡಿಸಿದ್ದು ಆ ಷರತ್ತೇ. ಹಣ ಪಡೆದವರು ಪ್ರತಿ ವರ್ಷ ಇಷ್ಟು ಗಂಟೆ ಎಂದು ಚಿಕ್ಕ ಮಕ್ಕಳ ಜೊತೆ ಕೂತು ಪಾಠ ಹೇಳಿಕೊಡಬೇಕು. ತನ್ನ ಹಾಗೇ ಇರುವ ಅಣ್ಣನೋ ಅಕ್ಕನೋ ಕಾಲೇಜಿಗೆ ಹೋಗುವುದನ್ನು ಎಳೆಯ ಮಗು ಪಕ್ಕದಲ್ಲೇ ಕೂತು ನೋಡುತ್ತದೆ. ಸಾವಿರಾರು ಮಂದಿ ಹೀಗೆ ಓದಿ ಹೊರಬಂದಿದ್ದಾರೆ.

ಈ ದಂಪತಿ ಇನ್ನೊಂದು ಕೆಲಸ ಮಾಡಿದರು: ಗುಲಾಮಗಿರಿ ಮತ್ತು ಬಣ್ಣಭೇದದ ಕಾಲದ ವಸ್ತುಗಳನ್ನು ಹುಡುಕಿ ಹುಡುಕಿ ಕೂಡಿಟ್ಟರು. ಕಪ್ಪು ಜನರಿಗೆ ಬೇರೆ ನಿರೀಕ್ಷಣಾ ಕೊಠಡಿ ಎಂದು ತೋರಿಸುವ ಫಲಕಗಳಿಂದ ಹಿಡಿದು ಅಬ್ರಹಾಂ ಲಿಂಕನ್ ಅವರ ಅಂತ್ಯಯಾತ್ರೆಯ ಕಾಲದ ಬ್ಯಾನರ್‌ವರೆಗೆ ಅದರಲ್ಲಿದೆ. 2018ರ ಆರಂಭದಲ್ಲಿ ಮಿನಿಯಾಪೊಲಿಸ್ ಕೇಂದ್ರ ಗ್ರಂಥಾಲಯದಲ್ಲಿ ಅದನ್ನು ಜನರಿಗೆ ತೆರೆದಿಟ್ಟರು. ಅದೇ ವರ್ಷದ ಕೊನೆಯ ಭಾಗದಲ್ಲಿ ಡಯಾನ್ ತೀರಿಕೊಂಡರು. ಕೆಲವೇ ವಾರಗಳ ಅಂತರದಲ್ಲಿ, ನವೆಂಬರಿನಲ್ಲಿ, ಪೇಜ್‌ಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಸಂದಿತು.

ಶಾಲೆಯ ಹೆಸರಿನ ವಿಷಯ. ಅದು ಮೊದಲು ಅಲೆಕ್ಸಾಂಡರ್ ರ್‍ಯಾಮ್ಸಿ ಹೆಸರಿನಲ್ಲಿತ್ತು. ರ್‍ಯಾಮ್ಸಿ ಮಿನ್ನೆಸೋಟದ ಎರಡನೇ ಗವರ್ನರ್. 1862ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರೊಡನೆ ಯುದ್ಧವಾದಾಗ, ಅವರನ್ನು ನಿರ್ನಾಮ ಮಾಡಬೇಕು ಇಲ್ಲವೇ ಶಾಶ್ವತವಾಗಿ ರಾಜ್ಯದ ಗಡಿಯಾಚೆ ಅಟ್ಟಬೇಕು ಎಂದು ಹೇಳಿದವರು ಅವರು. ಆ ವರ್ಷ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ನೇಣಿಗೇರಿಸಲಾಯಿತು. ಈ ಇತಿಹಾಸ ಓದಿಕೊಂಡ ಶಾಲೆಯ ಮಕ್ಕಳೇ ಹೆಸರು ಬದಲಿಸಬೇಕೆಂದು ಎದ್ದು ನಿಂತರು, 2017ರಲ್ಲಿ ಹೊಸ ಹೆಸರು ಬಂತು. ದೊಡ್ಡವರು ಹೇರಿದ ಹೆಸರಲ್ಲ ಅದು. ಆಗ ನಿಮ್ಮ ಮೊಮ್ಮಗನ ಹಾಗೆ ಅಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು ಕೇಳಿ ಪಡೆದದ್ದು.

ಕಬಡ್ಡಿ ಆಡುವ ಮೊಮ್ಮಗನ ವಿಚಾರದಲ್ಲಿ ಪೇಜ್ ಒಬ್ಬರನ್ನೇ ತೋರಿಸಿ ಮಾತು ಮುಗಿಸುವುದು ನ್ಯಾಯವಲ್ಲ. ಅವರ ಜೊತೆಯಾಟಗಾರ ಫ್ರೆಡ್ ಮ್ಯಾಕ್‌ನೀಲ್ ಅವರ ಹೆಸರನ್ನೂ ಹೇಳಬೇಕು. 1974ರಿಂದ 1985ರವರೆಗೆ ವೈಕಿಂಗ್ಸ್‌ಗೆ ಆಡಿದವರು. ಪೇಜ್ ಅರ್ಧಕ್ಕೆ ಬಿಟ್ಟಿದ್ದ ಸೇಂಟ್ ಪಾಲ್‌ನ ಆ ಕಾನೂನು ಕಾಲೇಜಿನಲ್ಲೇ ಓದಿ ವಕೀಲರಾದರು. ಆಟ, ಓದು ಎರಡನ್ನೂ ಸರಿದೂಗಿಸಿದ ಮನುಷ್ಯ. ನಡುವಯಸ್ಸಿಗೆ ನೆನಪು ಕೈಕೊಡತೊಡಗಿತು, ವಕೀಲಿಕೆ ಕುಸಿಯಿತು. 2015ರ ನವೆಂಬರಿನಲ್ಲಿ, ಪೇಜ್ ಪೀಠದಿಂದ ನಿವೃತ್ತರಾದ ಮೂರೇ ತಿಂಗಳಿಗೆ, 63ನೇ ವಯಸ್ಸಿನಲ್ಲಿ ತೀರಿಕೊಂಡರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು ಮಿದುಳು ನಿಧಾನವಾಗಿ ಹಾಳಾಗುವ ಸಿಟಿಇ ಎಂಬ ಕಾಯಿಲೆ ಅವರಿಗಿತ್ತು ಎಂಬುದು ಮರಣೋತ್ತರ ಪರೀಕ್ಷೆಯಲ್ಲಿ ಖಚಿತವಾಯಿತು. ಒಂದೇ ತಂಡ, ಒಂದೇ ಕಾಲ, ಒಂದೇ ಬಗೆಯ ಶ್ರಮ. ಒಬ್ಬರು ನ್ಯಾಯಪೀಠದಲ್ಲಿ, ಇನ್ನೊಬ್ಬರು ಕೇಸಿನ ಕಡತ ಓದಲಾಗದ ಸ್ಥಿತಿಯಲ್ಲಿ. ಪೇಜ್‌ಗೂ ಆಟ ಗುರುತು ಬಿಟ್ಟಿದೆ. ಎಡಗೈಯ ಕಿರುಬೆರಳು ಕೀಲು ತಪ್ಪಿ ತಪ್ಪಿ ಈಗ ಹೊರಕ್ಕೆ ಅಡ್ಡಡ್ಡ ಚಾಚಿಕೊಂಡಿದೆ. ಆ ಬೆರಳನ್ನೇ ಇಟ್ಟುಕೊಂಡು ಮಗಳ ಜೊತೆ ಸೇರಿ ಮಕ್ಕಳ ಪುಸ್ತಕ ಬರೆದಿದ್ದಾರೆ, ಅದರ ಆದಾಯ ಹೋಗುವುದು ಫೌಂಡೇಶನ್‌ಗೆ.

ಆದ್ದರಿಂದ ನಿಮ್ಮ ಮಗನಿಗೆ ನಾನು ಹೇಳುವುದಿಷ್ಟು. ಹುಡುಗನನ್ನು ಆಟದಿಂದ ಬಿಡಿಸಬೇಡಿ. ಪೇಜ್ ಕಾಲೇಜು ಸೇರುವ ದಾರಿ ತೆರೆದದ್ದು ಆಟದಿಂದಲೇ. ಆದರೆ ಆಟದ ನೆಪದಲ್ಲಿ ಶಾಲೆಯವರು ಹಾಜರಿ, ಅಂಕಗಳಲ್ಲಿ ವಿನಾಯಿತಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಆ ಸಭೆಯಲ್ಲಿ ಓದಲು ಬಾರದೆ ತಡವರಿಸಿದವರಿಗೆ ಸಿಕ್ಕಿದ್ದು ಅಂಥದೇ ವಿನಾಯಿತಿ. ಕಬಡ್ಡಿ ಅಮೆರಿಕನ್ ಫುಟ್‌ಬಾಲ್‌ನಷ್ಟು ತಲೆಗೆ ಅಪಾಯದ ಆಟವಲ್ಲ. ಆದರೂ ತಲೆ ನೆಲಕ್ಕೆ ಬಡಿದು ತಲೆಸುತ್ತು, ವಾಂತಿ, ಮಂಕು ಕಾಣಿಸಿದರೆ ಆ ದಿನವೇ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ, ಅವರು ಸರಿ ಎನ್ನುವವರೆಗೆ ಅಂಗಳಕ್ಕೆ ಇಳಿಸಬೇಡಿ.

ಪೇಜ್ ಈಗ ಏನು ಮಾಡುತ್ತಿದ್ದಾರೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊರಿನ ಮ್ಯಾರಥಾನ್ ದಿನ ಸೂಸಫೋನ್ ಎಂಬ, ಮೈಗೆ ಸುತ್ತಿಕೊಂಡು ಊದುವ ಭಾರಿ ಹಿತ್ತಾಳೆ ವಾದ್ಯ ಹಿಡಿದು ದಾರಿ ಬದಿ ನಿಂತು ಓಟಗಾರರನ್ನು ಹುರಿದುಂಬಿಸುವುದಕ್ಕೆ ಅವರು ಹೆಸರಾದವರು. ಹೈಸ್ಕೂಲಿನಲ್ಲಿ ಕಲಿತದ್ದು ಅದು. ದೊಡ್ಡ ಕೆಲಸ ಬೇರೆ ಇದೆ. 2020ರ ಜನವರಿಯಲ್ಲಿ ಅವರೂ ಮಿನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ (ಅಮೆರಿಕದ ಕೇಂದ್ರ ಬ್ಯಾಂಕಿನ ಪ್ರಾದೇಶಿಕ ಬ್ಯಾಂಕು) ಅಧ್ಯಕ್ಷ ನೀಲ್ ಕಾಶ್ಕರಿಯವರೂ ಸೇರಿ ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಮುಂದಿಟ್ಟರು. ಕಾಶ್ಕರಿ ಕಾಶ್ಮೀರದಿಂದ ಹೋದ ತಂದೆತಾಯಿಯ ಮಗ, ಹುಟ್ಟಿದ್ದು ಕ್ಯಾಂಟನ್ ಪಕ್ಕದ ಆಕ್ರನ್‌ನಲ್ಲಿ. ಮಿನ್ನೆಸೋಟದಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು, ಮೂಲನಿವಾಸಿ ಮಕ್ಕಳಿಗೂ ಓದಿನಲ್ಲಿ ಇರುವ ಅಂತರ ಇಡೀ ದೇಶದಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. 1857ರ ಸಂವಿಧಾನ ಹೇಳುವುದು ಸರ್ಕಾರ ಶಾಲೆಗಳ ವ್ಯವಸ್ಥೆ ಮಾಡಬೇಕು ಎಂದು ಮಾತ್ರ. ಅದರ ಬದಲು ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ಬರೆಯಬೇಕು ಎಂಬುದು ಇವರ ವಾದ. ಹಕ್ಕು ಎಂದಾದರೆ ಅದು ಸಿಗದ ಮಗುವಿನ ಪರವಾಗಿ ಕೋರ್ಟಿಗೆ ಹೋಗಬಹುದು. ಜನ ಇದನ್ನು ಪೇಜ್ ತಿದ್ದುಪಡಿ ಎಂದೇ ಕರೆಯುತ್ತಾರೆ. ಸರ್ಕಾರಿ ಹಣ ಖಾಸಗಿ ಶಾಲೆಗಳಿಗೆ ಹರಿಯಲು ಇದು ಬಾಗಿಲು ತೆರೆಯಬಹುದು ಎಂದು ರಾಜ್ಯದ ಶಿಕ್ಷಕರ ಸಂಘ ವಿರೋಧಿಸಿದೆ. ಆ ಆತಂಕ ಸುಳ್ಳೆಂದು ತಳ್ಳಿಹಾಕುವಂಥದ್ದಲ್ಲ. ತಿದ್ದುಪಡಿ ಮತದಾರರ ಮುಂದೆ ಬರಬೇಕಾದರೆ ಶಾಸನಸಭೆಯ ಎರಡೂ ಸದನ ಒಪ್ಪಬೇಕು. ಬಂದ ಮೇಲೂ ಆ ಚುನಾವಣೆಯಲ್ಲಿ ಮತ ಹಾಕಿದ ಒಟ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎನ್ನಬೇಕು, ಆ ಪ್ರಶ್ನೆಯನ್ನು ಖಾಲಿ ಬಿಟ್ಟ ಮತಪತ್ರವೂ ಬೇಡ ಎಂದೇ ಲೆಕ್ಕ. ಸದನಗಳು ಇನ್ನೂ ಅದನ್ನು ಜನರ ಮುಂದೆ ಕಳಿಸಿಲ್ಲ.